ನಲವತ್ತು ನಿಮಿಷದ ಸೀಸನ್

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲೇಜಿನ ಕಬಡ್ಡಿ ತಂಡದ ಸೀಸನ್ ಸರಿಯಾಗಿ 40 ನಿಮಿಷ ನಡೆಯಿತು. ಮೊದಲ ಅವಧಿ 20 ನಿಮಿಷ, ಎರಡನೆಯದು 20 ನಿಮಿಷ. ಅದಕ್ಕೂ ಮೊದಲು 18 ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಹಾಸ್ಟೆಲ್ ಹಿಂದಿನ ಬಯಲಿಗೆ ನೀರು ಹೊಡೆದು, ಕಲ್ಲು ಆರಿಸಿ ಅಭ್ಯಾಸ ಮಾಡಿದ್ದೆವು. ವಲಯ ಮಟ್ಟದ ಅಂತರ ಕಾಲೇಜು ಪಂದ್ಯಾವಳಿಯ ಮೊದಲ ಪಂದ್ಯದಲ್ಲೇ 29–31ರಿಂದ ಸೋತೆವು. ಕೊನೆಯ ರೇಡ್ ನನ್ನದು. ಒಂದು ಪಾಯಿಂಟ್ ಹಿಂದಿದ್ದೆವು, ಡು ಆರ್ ಡೈ ರೇಡ್. ಎದುರಿನ ಬಲ ಕಾರ್ನರ್‌ನವನು ಪಾದ ಹಿಡಿದ, ಉಳಿದವರು ಮೇಲೆ ಬಿದ್ದರು. ಮುಗಿಯಿತು. ಹತ್ತು ಗಂಟೆಗೆ ಆಟ ಶುರುವಾಗಿತ್ತು, ಮಧ್ಯಾಹ್ನ ಒಂದರ ಬಸ್ಸಿಗೆ ವಾಪಸ್ ಹತ್ತಿದ್ದೆವು. ಬೆಳಿಗ್ಗೆ ನಮ್ಮನ್ನು ಕರೆತಂದ ಅದೇ ಕಂಡಕ್ಟರ್ ಟಿಕೆಟ್ ಹರಿಯುತ್ತಾ, ‘ಬಂದದ್ದು ಯಾವಾಗ, ಹೊಂಟದ್ದು ಯಾವಾಗ್ರೋ?’ ಅಂದ. ಯಾರೂ ಮಾತಾಡಲಿಲ್ಲ.

ಆ ರಾತ್ರಿ ನಮ್ಮ ಕಾಕಾನ ಮಗ, ಅಣ್ಣ, ಅಮೆರಿಕದಿಂದ ಮೆಸೇಜ್ ಮಾಡಿದ. ಅವನು ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಎಂ.ಎಸ್. ಓದುತ್ತಾನೆ. ನಾಲತವಾಡದ ಓಣಿಯಲ್ಲಿ ನನಗೆ ಕಬಡ್ಡಿ ಕಲಿಸಿದವನೇ ಅವನು. ಸೋತೆವು ಅಂತ ಬರೆದೆ. ‘ಇರಲಿ ಬಿಡೋ ತಮ್ಮಾ, ಮುಂದಿನ ಮ್ಯಾಚ್ ಯಾವಾಗ?’ ಎಂದು ಕೇಳಿದ. ‘ಮುಂದಿನ ವರ್ಷ’ ಅಂದೆ. ನಾನು ಚಾಷ್ಟಿ ಮಾಡುತ್ತಿದ್ದೇನೆ ಅಂದುಕೊಂಡು ನಗುವ ಇಮೋಜಿ ಕಳಿಸಿದ. ಅಲ್ಲಿಗೆ ಹೋಗಿ ಎರಡು ವರ್ಷದಲ್ಲಿ ಅವನಿಗೆ ನಮ್ಮ ಪದ್ಧತಿಯೇ ಮರೆತುಹೋಗಿತ್ತು. ಏಕೆಂದರೆ ಅವನ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ ಅದೇ ತಿಂಗಳು ಸೀಸನ್ನಿನ ನಡುವೆ ಇತ್ತು, ಸೆಪ್ಟೆಂಬರ್ 20ರಂದು ಇಲಿನಾಯ್ ತಂಡವನ್ನು 63–10ರಿಂದ ಸೋಲಿಸಿತ್ತು. ಮುಂದಿನ ಶನಿವಾರ ಇನ್ನೊಂದು ಪಂದ್ಯ, ಅದರ ಮುಂದೆ ಮತ್ತೊಂದು.

ಅಂದಿನಿಂದ ನಾನು ಆ ತಂಡದ ಬೆನ್ನು ಹತ್ತಿದೆ. ಅಮೆರಿಕನ್ ಫುಟ್ಬಾಲ್ ನಮಗೆ ಹೊಸತು, ನೋಡಿದರೆ ಮೊದಲು ತಲೆಬುಡ ತಿಳಿಯುವುದಿಲ್ಲ. ಹೆಲ್ಮೆಟ್ ಹಾಕಿಕೊಂಡ ಹನ್ನೊಂದು ಜನ, ಎದುರಿಗೆ ಹನ್ನೊಂದು ಜನ, ಮೊಟ್ಟೆಯಂಥ ಚೆಂಡು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಹೋಗದಿದ್ದರೆ ಚೆಂಡು ಎದುರಾಳಿಗೆ. ಕಬಡ್ಡಿ ಆಡಿದವರಿಗೆ ಇದು ಕಷ್ಟವಲ್ಲ. ನಮ್ಮಲ್ಲಿ ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದು ಡು ಆರ್ ಡೈ, ಅವರಲ್ಲಿ ನಾಲ್ಕನೇ ‘ಡೌನ್’ ಅಂದರೆ ಅದೇ. ಎದುರಾಳಿಯ ನೆಲದಲ್ಲಿ ನುಗ್ಗಬೇಕು, ಅವರು ಹಿಡಿದು ಕೆಡವಬೇಕು. ಆಟದ ಗುಣ ಒಂದೇ.

ಇಂಡಿಯಾನಾ ತಂಡದ ಕಥೆ ಕೇಳಿ. 2025ರ ಸೀಸನ್ ಶುರುವಾಗುವ ಹೊತ್ತಿಗೆ ದೊಡ್ಡ ದರ್ಜೆಯ ಕಾಲೇಜು ಫುಟ್ಬಾಲ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಸೋತ ತಂಡ ಅದು. 2023ರಲ್ಲಿ ಆಡಿದ 12ರಲ್ಲಿ ಗೆದ್ದದ್ದು ಮೂರು. ಕೋಚ್‌ನನ್ನು ತೆಗೆದುಹಾಕಿ ಕರ್ಟ್ ಸಿಗ್ನೆಟಿ ಎಂಬ ಅರವತ್ತರ ಅಂಚಿನ ಕೋಚ್‌ನನ್ನು ಕರೆತಂದರು. ಅದುವರೆಗೆ ಮುಖ್ಯ ಕೋಚ್ ಆಗಿ ಅವರು ಸಣ್ಣ ಕಾಲೇಜುಗಳಲ್ಲೇ ದುಡಿದವರು. ನಿಮ್ಮನ್ನು ನಂಬಿ ಹುಡುಗರು ಹೇಗೆ ಬರುತ್ತಾರೆ ಎಂದು ಪತ್ರಕರ್ತರು ಕೇಳಿದಾಗ, ‘ನಾನು ಗೆಲ್ತೀನಿ, ಗೂಗಲ್ ಮಾಡಿ ನೋಡಿ’ ಎಂದರು. ಕೇಳಿದರೆ ಅಹಂಕಾರ ಅನ್ನಿಸುತ್ತದೆ, ನನಗೂ ಅನ್ನಿಸಿತು. ಆದರೆ 2024ರಲ್ಲಿ ತಂಡ 11 ಪಂದ್ಯ ಗೆದ್ದು 2 ಸೋತಿತು. 2025ರಲ್ಲಿ ಆಡಿದ 16 ಪಂದ್ಯಗಳಲ್ಲಿ 16ನ್ನೂ ಗೆದ್ದಿತು. 1894ರಲ್ಲಿ ಯೇಲ್ ತಂಡ ಬಿಟ್ಟರೆ ದೊಡ್ಡ ದರ್ಜೆಯಲ್ಲಿ ಯಾರೂ ಹಾಗೆ 16ಕ್ಕೆ 16 ಗೆದ್ದಿರಲಿಲ್ಲ.

ಫೈನಲ್ ನಡೆದದ್ದು ಜನವರಿ 19ರ ರಾತ್ರಿ ಮಿಯಾಮಿಯಲ್ಲಿ, ನಮಗೆ ಅದು 20ರ ಬೆಳಗು. ಹಾಸ್ಟೆಲ್‌ನಲ್ಲಿ ಆರು ಗಂಟೆಗೆ ಎದ್ದು ಮೊಬೈಲ್‌ನಲ್ಲಿ ಸ್ಕೋರ್ ನೋಡುತ್ತಾ ಕೂತೆ. ರೂಮ್‌ಮೇಟ್‌ಗೆ ನಾನು ಹುಚ್ಚನ ಹಾಗೆ ಕಂಡಿರಬೇಕು. ಒಂಬತ್ತರ ಕ್ಲಾಸಿನಲ್ಲಿ ಡೆಸ್ಕ್ ಕೆಳಗೆ ಮೊಬೈಲ್ ಹಿಡಿದಿದ್ದಾಗ 27–21 ಎಂದು ತೋರಿಸಿತು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಝಾ ಕೊನೆಯ ಕಾಲು ಅವಧಿಯಲ್ಲಿ, ನಾಲ್ಕನೇ ಡೌನ್‌ನಲ್ಲಿ, ಚೆಂಡು ಎಸೆಯುವ ಬದಲು ತಾನೇ ಹಿಡಿದುಕೊಂಡು ಎದುರಾಳಿಗಳ ಮೇಲೆ ಹಾರಿ ಬಿದ್ದ ವಿಡಿಯೊವನ್ನು ಆಮೇಲೆ ಎಷ್ಟು ಸಲ ನೋಡಿದೆನೋ. ಅದು ಅವನ ಡು ಆರ್ ಡೈ ರೇಡ್. ಅವನದು ದಾಟಿತು, ನನ್ನದು ದಾಟಲಿಲ್ಲ.

ಆದರೆ ನನಗೆ ಮುಖ್ಯ ಅನ್ನಿಸಿದ್ದು ಆ ಫೈನಲ್ ಅಲ್ಲ. ಅದಕ್ಕಿಂತ ಒಂದು ವರ್ಷ ಹಿಂದಿನ ಎರಡು ಶನಿವಾರಗಳು. 2024ರ ನವೆಂಬರ್ 23ರಂದು ಅದೇ ಇಂಡಿಯಾನಾ ತಂಡ ಓಹಾಯೊ ಸ್ಟೇಟ್ ಎದುರು 15–38ರಿಂದ ಸೋತಿತ್ತು. ಅದುವರೆಗೆ ಗೆದ್ದೇ ಬಂದಿದ್ದ ತಂಡಕ್ಕೆ ಮೊದಲ ಪೆಟ್ಟು, ಅದೂ ಇಷ್ಟು ದೊಡ್ಡದು. ನಮ್ಮಲ್ಲಾಗಿದ್ದರೆ ಅವತ್ತೇ ಕಿಟ್ ತೊಳೆದು ಸ್ಟೋರ್ ರೂಮಿಗೆ ಕೊಡಬೇಕಿತ್ತು. ಅವರು ಮಾಡಿದ್ದೇನು? ಪಂದ್ಯದ ವಿಡಿಯೊ ಹಾಕಿಕೊಂಡು ಎಲ್ಲಿ ತಪ್ಪಿತು ಎಂದು ನೋಡಿದರು, ಅಭ್ಯಾಸಕ್ಕಿಳಿದರು, ಮುಂದಿನ ಶನಿವಾರ ನವೆಂಬರ್ 30ರಂದು ಪರ್ಡ್ಯೂ ತಂಡವನ್ನು 66–0ರಿಂದ ಸೋಲಿಸಿದರು. ಸೋಲಿಗೂ ಗೆಲುವಿಗೂ ನಡುವೆ ಏಳು ದಿನ. ನಮ್ಮಲ್ಲಿ ಅದೇ ಅಂತರ 365 ದಿನ, ಅಷ್ಟರಲ್ಲಿ ಫೈನಲ್ ಇಯರ್‌ನವರು ಕಾಲೇಜು ಬಿಟ್ಟಿರುತ್ತಾರೆ.

ಸೀಸನ್ ಎಂಬ ಇಂಗ್ಲಿಷ್ ಪದವನ್ನು ನಾವು ಮಾವಿನ ಹಣ್ಣಿಗೂ ಐಪಿಎಲ್‌ಗೂ ಬಳಸುತ್ತೇವೆ, ಕಾಲೇಜು ಕ್ರೀಡೆಗೆ ಮಾತ್ರ ಬಳಸುವುದಿಲ್ಲ. ಅದಕ್ಕೆ ನಮ್ಮಲ್ಲಿರುವ ಪದ ‘ಟೂರ್ನಮೆಂಟ್’. ಪದ ಸರಿಯಾಗಿಯೇ ಇದೆ, ಏಕೆಂದರೆ ನಮ್ಮದು ಎರಡು ಮೂರು ದಿನದ ಹಬ್ಬ. ಅಮೆರಿಕದ ಕಾಲೇಜು ತಂಡಕ್ಕೆ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ 12 ಪಂದ್ಯ. ಯಾವ ಶನಿವಾರ ಯಾವ ಊರಲ್ಲಿ ಎಂಬುದು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ. ಇಂಡಿಯಾನಾ ಇರುವ ಗುಂಪಿನ ಹೆಸರು ‘ಬಿಗ್ ಟೆನ್’, 1896ರಲ್ಲಿ ಅಕ್ಕಪಕ್ಕದ ರಾಜ್ಯಗಳ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡದ್ದು. (ಹೆಸರು ಟೆನ್, ಈಗ ಇರುವ ತಂಡಗಳು 18. ಎಂಜಿನಿಯರಿಂಗ್ ಓದುವವನಿಗೆ ಇದು ಸ್ವಲ್ಪ ಕಿರಿಕಿರಿ.) ಆ ಗುಂಪಿನೊಳಗೇ ಪ್ರತಿ ತಂಡ ಒಂಬತ್ತು ಪಂದ್ಯ ಆಡುತ್ತದೆ. ಅಷ್ಟರಲ್ಲಿ ಯಾರು ಗಟ್ಟಿ, ಯಾರು ಜೊಳ್ಳು ಎಂದು ತಿಳಿದೇ ತಿಳಿಯುತ್ತದೆ. ಆಮೇಲಷ್ಟೇ ಪ್ಲೇಆಫ್, ಅಂದರೆ ನಾಕೌಟ್.

ನಮ್ಮಲ್ಲಿ ಶುರುವಾಗುವುದೇ ನಾಕೌಟ್‌ನಿಂದ. ಇದು ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನಗೆ ಹೊಳೆದದ್ದು ನಮ್ಮ ಜಾತ್ರೆ. ನಾಲತವಾಡದ ಸುತ್ತ ಯಾವ ಹಳ್ಳಿಗೆ ಹೋದರೂ ಜಾತ್ರೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಇದ್ದೇ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಶುರು, ಬೆಳಗಾಗುವುದರೊಳಗೆ ಢಾಲು ಕೊಟ್ಟು ಮುಗಿಸಬೇಕು, ಬೆಳಿಗ್ಗೆ ಎಲ್ಲರಿಗೂ ಹೊಲದ ಕೆಲಸ. ಒಂದು ರಾತ್ರಿಯಲ್ಲಿ ಇಪ್ಪತ್ತು ತಂಡ ಮುಗಿಸಬೇಕಾದರೆ ನಾಕೌಟ್ ಬಿಟ್ಟು ಬೇರೆ ದಾರಿ ಇಲ್ಲ. ಜಾತ್ರೆಗೆ ಅದು ಸರಿ. ಅಲ್ಲಿ ಸೋತವರೂ ಚುರುಮುರಿ, ಮಿರ್ಚಿ ತಿಂದು ನಾಟಕ ನೋಡಿ ಮನೆಗೆ ಹೋಗುತ್ತಾರೆ, ಮುಂದಿನ ವಾರ ಪಕ್ಕದೂರಿನ ಜಾತ್ರೆ ಇದ್ದೇ ಇದೆ. ಹಾಗೆ ನೋಡಿದರೆ ಹಳ್ಳಿ ಹುಡುಗರಿಗೆ ಕಾಲೇಜು ಹುಡುಗರಿಗಿಂತ ಹೆಚ್ಚು ಪಂದ್ಯ ಸಿಗುತ್ತವೆ. ಕಾಲೇಜಿಗೆ ಒಂದು ರಾತ್ರಿಯ ಅವಸರವೇನೂ ಇಲ್ಲ, ಇಡೀ ಸೆಮಿಸ್ಟರ್ ಇದೆ. ಆದರೂ ಜಾತ್ರೆಯ ಲೆಕ್ಕವನ್ನೇ ಹಿಡಿದಿದ್ದೇವೆ.

ಲೆಕ್ಕ ಅಂದೆನಲ್ಲ, ಅದನ್ನೇ ಸ್ವಲ್ಪ ಹಾಕೋಣ. ಪ್ರಾಬಬಿಲಿಟಿ ಪರೀಕ್ಷೆಗಷ್ಟೇ ಓದುವ ವಿಷಯ ಅಲ್ಲ ಎಂದು ನನಗೆ ಅನ್ನಿಸಿದ್ದು ಇದನ್ನು ಮಾಡಿದಾಗ. 16 ತಂಡಗಳ ನಾಕೌಟ್ ಎಂದುಕೊಳ್ಳಿ. ಒಟ್ಟು 15 ಪಂದ್ಯ. ಎಂಟು ತಂಡಗಳು, ಅಂದರೆ ಅರ್ಧ, ಒಂದೇ ಪಂದ್ಯ ಆಡಿ ಮನೆಗೆ. ಇನ್ನು ಅಲ್ಲಿರುವ ಅತ್ಯುತ್ತಮ ತಂಡ ಯಾರ ಎದುರು ಆಡಿದರೂ ನೂರರಲ್ಲಿ 60 ಸಲ ಗೆಲ್ಲುವಷ್ಟು ಗಟ್ಟಿ ಎಂದುಕೊಳ್ಳಿ. ಅದು ಕಪ್ ಎತ್ತಲು ನಾಲ್ಕು ಪಂದ್ಯ ಸತತ ಗೆಲ್ಲಬೇಕು. 0.6ನ್ನು ನಾಲ್ಕು ಸಲ ಗುಣಿಸಿದರೆ ಸುಮಾರು 0.13. ಅಂದರೆ ಅತ್ಯುತ್ತಮ ತಂಡವೂ ಕಪ್ ಗೆಲ್ಲುವ ಸಾಧ್ಯತೆ ನೂರಕ್ಕೆ 13. ಮೊದಲ ಬೆಳಿಗ್ಗೆಯೇ ಮನೆಗೆ ಹೋಗುವ ಸಾಧ್ಯತೆ ನೂರಕ್ಕೆ 40. ಈಗ ಅದೇ 16 ತಂಡಗಳನ್ನು ನಾಲ್ಕು ನಾಲ್ಕರ ನಾಲ್ಕು ಗುಂಪು ಮಾಡಿ, ಗುಂಪಿನಲ್ಲಿ ಎಲ್ಲರೂ ಎಲ್ಲರ ಎದುರು ಆಡಲಿ. ಗುಂಪು ಹಂತದಲ್ಲಿ 24 ಪಂದ್ಯ, ಆಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು 27. ಹೆಚ್ಚಿಗೆ ಬೇಕಾದದ್ದು 12 ಪಂದ್ಯ. ಅಷ್ಟಕ್ಕೆ ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ ಸಿಗುತ್ತವೆ, ನಮ್ಮ ಆ ಗಟ್ಟಿ ತಂಡ ಮೂರರಲ್ಲಿ ಎರಡಾದರೂ ಗೆಲ್ಲುವ ಸಾಧ್ಯತೆ ನೂರಕ್ಕೆ 65 ಆಗುತ್ತದೆ. ಕೆಲವು ಕ್ರೀಡೆಗಳಲ್ಲಿ, ಕೆಲವು ಹಂತಗಳಲ್ಲಿ ಲೀಗ್ ಪದ್ಧತಿ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಅದು ಮೇಲಿನ ಹಂತದಲ್ಲಿ. ಹೆಚ್ಚು ಹುಡುಗರು ಆಡುವುದು ಕೆಳಗಿನ ಹಂತದಲ್ಲಿ.

‘ಆಟ ಅಲ್ಲೇನೋ, ಸೋತ್ರ ಸೋಲ್ತೀರಿ, ಅದಕ್ಯಾಕ ಇಷ್ಟ್ ತಲಿ ಕೆಡಿಸ್ಕೋತಿ?’ ಎಂದು ನಮ್ಮ ಅಪ್ಪ ಕೇಳಿದರು. ತೊಗರಿ ರಾಶಿ ಮಾಡುವಾಗ ಅವರ ಎದುರು ಈ ಲೆಕ್ಕ ಒಪ್ಪಿಸಿದ್ದು ನನ್ನದೇ ತಪ್ಪು. ಆದರೆ ಇದು ಬರೀ ಆಟದ ಮಾತಲ್ಲ. ಕೆಲಸ ಹುಡುಕುವವರು ಈ ಪುಟ ಓದುತ್ತೀರಿ, ನಿಮಗೆ ಇದು ಗೊತ್ತಿರಬೇಕು. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ನೇಮಿಸಿಕೊಳ್ಳುವ ನಿಯಮದಲ್ಲಿ ಅರ್ಹತೆ ಯಾರಿಗೆ ಎಂದು ಬರೆದಿದೆ. ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದವರು ಸರಿಯೇ, ಅವರ ಜೊತೆಗೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಹರು. ರೈಲ್ವೆಯಂಥ ಕಡೆ ಇನ್ನೂ ಬಿಗಿಯಾದ ಮಾನದಂಡ ಇರುತ್ತದೆ, ಅಧಿಸೂಚನೆ ನೋಡಿಕೊಳ್ಳಬೇಕು. ನಮ್ಮ ರಾಜ್ಯದ ಪೊಲೀಸ್ ನೇಮಕಾತಿಯಲ್ಲೂ ಕ್ರೀಡಾಪಟುಗಳಿಗೆ ಮೀಸಲು ಇದೆ. ಅಂದರೆ ವಿಶ್ವವಿದ್ಯಾಲಯದ ಬ್ಲೂ ಜೆರ್ಸಿ ತೊಟ್ಟು ಒಂದು ಸಲ ದಕ್ಷಿಣ ವಲಯಕ್ಕೆ ಹೋಗಿಬಂದ ಹುಡುಗನ ಕೈಯಲ್ಲಿರುವ ಕಾಗದ ಬರೀ ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್ ಅಲ್ಲ.

ಆ ಜೆರ್ಸಿ ಸಿಗುವುದು ಹೇಗೆ? ಪಂದ್ಯಾವಳಿಯಲ್ಲಿ ಆಯ್ಕೆದಾರರ ಕಣ್ಣಿಗೆ ಬಿದ್ದರೆ. ಒಂದೇ ಪಂದ್ಯ ಆಡಿ ಹೋದವನನ್ನು ಅವರಾದರೂ ಹೇಗೆ ನೋಡುತ್ತಾರೆ? ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ತಂಡದಲ್ಲಿ ಎಡ ಕಾರ್ನರ್ ಆಡುವ ಒಬ್ಬ ಗೆಳೆಯನಿದ್ದಾನೆ, ಇಂಡಿ ಕಡೆಯ ಹುಡುಗ. ಅವನ ಆ್ಯಂಕಲ್ ಹೋಲ್ಡ್‌ಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಆಗದ ಮಾತು, ಅಭ್ಯಾಸದಲ್ಲಿ ಅವನ ಎದುರು ರೇಡ್ ಹೋಗಿ ನನ್ನ ಎರಡೂ ಕಾಲು ಬಾತಿವೆ. ಕಳೆದ ಸೆಪ್ಟೆಂಬರ್‌ನ ಆ ಪಂದ್ಯಕ್ಕೆ ಎರಡು ದಿನ ಮುಂಚೆ ಅವನಿಗೆ ಜ್ವರ. ಆದರೂ ಆಡಿದ, ಎರಡು ಟ್ಯಾಕಲ್ ಮಾಡಿದ, ಅಷ್ಟೇ. ಅವನ ಮೂರನೇ ವರ್ಷ ಹಾಗೆ ಹೋಯಿತು. ಮೊದಲ ವರ್ಷ ಪಂದ್ಯಾವಳಿಯ ದಿನವೇ ಇಂಟರ್ನಲ್ ಇತ್ತು, ಎರಡನೇ ವರ್ಷ ಮಂಡಿ ತಿರುಚಿತ್ತು. ಮೂರು ವರ್ಷದಲ್ಲಿ ಅವನು ಕಾಲೇಜಿನ ಪರವಾಗಿ ಆಡಿದ್ದು 40 ನಿಮಿಷ. ಸೆಪ್ಟೆಂಬರ್‌ನ ಒಂದು ಜ್ವರ ಒಬ್ಬನ ನೌಕರಿಯ ದಾರಿ ಮುಚ್ಚುವುದಾದರೆ ಆ ಪದ್ಧತಿಯಲ್ಲಿ ಏನೋ ತಪ್ಪಿದೆ. ಹನ್ನೆರಡು ಪಂದ್ಯಗಳ ಸೀಸನ್ನಿನಲ್ಲಿ ಜ್ವರ ಬಂದವನು ಒಂದು ಶನಿವಾರ ಮಲಗುತ್ತಾನೆ, ಮುಂದಿನ ಶನಿವಾರ ಏಳುತ್ತಾನೆ.

ಇದನ್ನೆಲ್ಲ ಹೇಳಿದಾಗ ಗೆಳೆಯರು ಕೊಡುವ ಉತ್ತರ ಒಂದೇ: ‘ಅವರ ಕಡೆ ರೊಕ್ಕ ಐತಿ.’ ನಿಜ, ಇದೆ. ಎಷ್ಟಿದೆ ಅಂದರೆ ಅದೇ ಈಗ ಅಲ್ಲಿ ತಲೆನೋವಾಗಿದೆ. 2021ರ ಜುಲೈವರೆಗೆ ಅಲ್ಲಿನ ಕಾಲೇಜು ಆಟಗಾರ ತನ್ನ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಹಣ ಮಾಡುವಂತಿರಲಿಲ್ಲ. ಟಿವಿ ಹಕ್ಕು ಮಾರಿ ಕಾಲೇಜುಗಳು ದುಡಿಯುತ್ತಿದ್ದವು, ಕೋಚ್‌ಗಳು ದುಡಿಯುತ್ತಿದ್ದರು, ಪೆಟ್ಟು ತಿನ್ನುವ ಹುಡುಗನಿಗೆ ಫೀಸು, ಊಟ, ವಸತಿ. 2025ರ ಜೂನ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಒಂದು ಒಪ್ಪಂದಕ್ಕೆ ಮುದ್ರೆ ಒತ್ತಿತು. ಅದರ ಪ್ರಕಾರ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ನಮ್ಮ ಲೆಕ್ಕದಲ್ಲಿ 170 ಕೋಟಿ ರೂಪಾಯಿಗೂ ಹೆಚ್ಚು. ಹಿಂದೆ ಆಡಿ ಹೋದವರಿಗೆ ಹತ್ತು ವರ್ಷಗಳಲ್ಲಿ 280 ಕೋಟಿ ಡಾಲರ್ ಕೊಡಬೇಕು. ಸಿಗ್ನೆಟಿ ಅವರ ಸಂಬಳವೇ ಈಗ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿದೆ. ನ್ಯಾಯ ಸಿಕ್ಕಿದ್ದು ಒಳ್ಳೆಯದು. ಆದರೆ ಇದರ ಜೊತೆಗೇ ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸುವ ಸಂತೆ ಶುರುವಾಗಿದೆ. ಇಂಡಿಯಾನಾದ ಹೀರೊ ಮೆಂಡೋಝಾ ಕೂಡ ಹಿಂದಿನ ವರ್ಷ ಕ್ಯಾಲಿಫೋರ್ನಿಯಾ ತಂಡದಲ್ಲಿದ್ದವನು. ಸಿಗ್ನೆಟಿ ಬರುವಾಗ ತಮ್ಮ ಹಳೆಯ ಕಾಲೇಜಿನ ಹಲವು ಹುಡುಗರು ಅವರ ಹಿಂದೆಯೇ ಬಂದಿದ್ದರು. ಟಿವಿ ಹಣಕ್ಕಾಗಿ ಬಿಗ್ ಟೆನ್ ಈಗ ಕ್ಯಾಲಿಫೋರ್ನಿಯಾ ಕರಾವಳಿಯವರೆಗೆ ಹಬ್ಬಿದೆ, ಓದುವ ಹುಡುಗರು ಒಂದು ಪಂದ್ಯಕ್ಕಾಗಿ ದೇಶದ ಈ ತುದಿಯಿಂದ ಆ ತುದಿಗೆ ಹಾರುತ್ತಾರೆ. ತಲೆಗೆ ಪೆಟ್ಟು ಬಿದ್ದು ಮುಪ್ಪಿಗೂ ಮೊದಲೇ ನೆನಪು ಕಳೆದುಕೊಂಡ ಆಟಗಾರರ ಕಥೆಗಳೂ ಅಲ್ಲಿ ಕಡಿಮೆಯಿಲ್ಲ. ಇದ್ಯಾವುದೂ ನಮಗೆ ಬೇಡ.

ಆದರೆ ಸೀಸನ್ ನಡೆಸುವುದಕ್ಕೆ ಈ ರೊಕ್ಕ ಬೇಕೇ ಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲೇ ಡಿವಿಷನ್ ತ್ರೀ ಎಂಬ ದರ್ಜೆ ಇದೆ. ಅಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದೇ ನಿಷಿದ್ಧ. ಟಿವಿ ಇಲ್ಲ, ಲಕ್ಷ ಜನ ಕೂರುವ ಕ್ರೀಡಾಂಗಣ ಇಲ್ಲ. ಆಡುವವರು ಮುಂದೆ ಶಿಕ್ಷಕರೋ ಎಂಜಿನಿಯರ್‌ಗಳೋ ಆಗುವವರು. ಅಂಥ 200ಕ್ಕೂ ಹೆಚ್ಚು ಕಾಲೇಜುಗಳು ಫುಟ್ಬಾಲ್ ಆಡುತ್ತವೆ, ಪ್ರತಿ ತಂಡಕ್ಕೂ ಹತ್ತು ಪಂದ್ಯ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲೂ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. 2025ರ ಆ ಹಣ ಹಂಚುವ ಒಪ್ಪಂದದಿಂದಲೂ ಅವರು ಹೊರಗುಳಿದರು. ಅವರಿಗೂ ಹತ್ತು ಪಂದ್ಯ. ಹಣ ಇಂಡಿಯಾನಾಗೆ ಕಪ್ ತಂದಿರಬಹುದು, ಸೀಸನ್ ತಂದದ್ದು ಹಣವಲ್ಲ. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಹುಡುಗರು ಮೊದಲ ಪಂದ್ಯ ಆಡಿದ 1869ರಲ್ಲಿ ಟಿವಿ ಎಲ್ಲಿತ್ತು?

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2012ರಲ್ಲಿ ಭಾರತದಲ್ಲಿ ಅಮೆರಿಕನ್ ಫುಟ್ಬಾಲ್ ಲೀಗ್ ಶುರು ಮಾಡಿದರು, ಬೆಂಗಳೂರಿಗೂ ‘ವಾರ್‌ಹಾಕ್ಸ್’ ಎಂಬ ತಂಡ ಇತ್ತು. ಅಮೆರಿಕದ ದೊಡ್ಡ ಆಟಗಾರರು, ಹಾಲಿವುಡ್ ನಟರು ಹಣ ಹಾಕಿದ್ದರು. ಬಹಳ ಕಾಲ ಬಾಳಲಿಲ್ಲ. ಟಿವಿಗಾಗಿ ಮೇಲಿನಿಂದ ಇಳಿಸಿದ ಆಟಕ್ಕೆ ಕೆಳಗೆ ಕಾಲೇಜು ಇರಲಿಲ್ಲ, ಓಣಿ ಇರಲಿಲ್ಲ. ಕಬಡ್ಡಿಗೆ ಓಣಿ ಇತ್ತು. 2014ರಲ್ಲಿ ಪ್ರೊ ಕಬಡ್ಡಿ ಬಂದಾಗ ಎಲ್ಲರೂ ಮ್ಯಾಟ್, ಲೈಟು, ಶಾರ್ಟ್ಸ್ ಬಗ್ಗೆ ಮಾತಾಡಿದರು. ನನ್ನ ಪ್ರಕಾರ ದೊಡ್ಡ ಬದಲಾವಣೆ ಅದಲ್ಲ, ಲೀಗ್. ಮೊದಲ ಪಂದ್ಯ ಸೋತ ತಂಡಕ್ಕೂ ಮುಂದಿನ ಪಂದ್ಯ ಇತ್ತು. ಹೊಸ ಹುಡುಗ ಮೂರು ಪಂದ್ಯ ಬೆಂಚಿನಲ್ಲಿ ಕೂತು ನಾಲ್ಕನೆಯದಕ್ಕೆ ಇಳಿದು ಹೆಸರು ಮಾಡಬಹುದಿತ್ತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದ ರಾತ್ರಿ ಫೈನಲ್‌ನಲ್ಲಿ 22 ಪಾಯಿಂಟ್ ತಂದ ಪವನ್ ಸೆಹ್ರಾವತ್‌ನನ್ನು ನೋಡಿಯೇ ನಾನು ರೇಡರ್ ಆದದ್ದು. ಅದಕ್ಕೂ ಮುಂಚಿನ ಸೀಸನ್‌ಗಳಲ್ಲಿ ಅವನು ಅಷ್ಟು ದೊಡ್ಡ ಹೆಸರೇನೂ ಆಗಿರಲಿಲ್ಲ. ಒಂದೇ ಪಂದ್ಯದ ಮೇಲೆ ತೀರ್ಮಾನ ಆಗಿದ್ದರೆ ಅವನು ನಮಗೆ ಸಿಗುತ್ತಿರಲಿಲ್ಲ.

ಹಾಗಾದರೆ ಏನು ಮಾಡಬಹುದು? ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ಬೆಂಗಳೂರಿಗೇ ಬಂದಿತ್ತು, ಅಲ್ಲಿನ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಹೆಮ್ಮೆಯ ವಿಷಯ. ಆದರೆ ಅದೂ ಹತ್ತು ದಿನದ ಕೂಟ, ಅಲ್ಲಿಗೆ ಹೋಗುವುದು ತೀರಾ ಮೇಲಿನವರು. ನಾನು ಹೇಳುತ್ತಿರುವುದು ಅದಕ್ಕಿಂತ ಸಣ್ಣದು. ನಮ್ಮ ಜಿಲ್ಲೆಯಲ್ಲಿ ವಿಜಯಪುರ, ಮುದ್ದೇಬಿಹಾಳ, ತಾಳಿಕೋಟೆ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಎಲ್ಲ ಕಡೆ ಕಾಲೇಜುಗಳಿವೆ. ಡಿಗ್ರಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್. ಬೆಳಿಗ್ಗೆ ಬಸ್ ಹತ್ತಿದರೆ ಒಂದು ಊರಿಂದ ಇನ್ನೊಂದಕ್ಕೆ ಹೋಗಿ ಆಡಿ ಸಂಜೆಗೆ ವಾಪಸ್ ಬರಬಹುದು. ಆರು ತಂಡಗಳ ಲೀಗ್ ಮಾಡಿದರೆ ಎಷ್ಟು ಪಂದ್ಯ ಗೊತ್ತೇ? 15. ಹದಿನಾರು ತಂಡಗಳ ನಾಕೌಟ್‌ಗೂ ಅಷ್ಟೇ ಪಂದ್ಯ ಎಂದು ಆಗಲೇ ನೋಡಿದೆವು. ಪ್ರತಿ ತಂಡಕ್ಕೆ ಐದು ಪಂದ್ಯ, ಎರಡು ಅಥವಾ ಮೂರು ನಮ್ಮೂರಲ್ಲಿ, ಉಳಿದವು ಅವರೂರಲ್ಲಿ. ಐದು ಶನಿವಾರ. ಸೆಮಿಸ್ಟರ್ ಶುರುವಿನಲ್ಲೇ ತಾರೀಖು ಗೊತ್ತಿದ್ದರೆ ಇಂಟರ್ನಲ್ ಬಂದು ಡಿಕ್ಕಿ ಹೊಡೆಯುವುದಿಲ್ಲ, ಹಾಜರಾತಿಗಾಗಿ ವಿಭಾಗದ ಮುಖ್ಯಸ್ಥರ ಬಾಗಿಲಲ್ಲಿ ನಿಲ್ಲಬೇಕಿಲ್ಲ. ಡಿಗ್ರಿಯವರ ವಿಶ್ವವಿದ್ಯಾಲಯ ಬೇರೆ, ಎಂಜಿನಿಯರಿಂಗ್‌ನವರದು ಬೇರೆ, ಹಾಗಾಗಿ ಇದಕ್ಕೆ ಅಧಿಕೃತ ಮುದ್ರೆ ಸಿಗುವುದಿಲ್ಲ, ಸರ್ಟಿಫಿಕೇಟಿಗೆ ನೌಕರಿಯಲ್ಲಿ ಬೆಲೆಯೂ ಇರುವುದಿಲ್ಲ. ಗೊತ್ತು. ಆದರೆ ಐದು ಪಂದ್ಯ ಆಡಿ ವಲಯಕ್ಕೆ ಹೋಗುವ ತಂಡ, ಬರೀ 18 ದಿನ ತಮ್ಮತಮ್ಮಲ್ಲೇ ಆಡಿಕೊಂಡು ಹೋಗುವ ತಂಡದ ಹಾಗೆ ಇರುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಹೆಚ್ಚು ಉಪಯೋಗ. ನಮ್ಮ ಕ್ಲಾಸಿನ ಒಬ್ಬಳು ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟದವರೆಗೆ ಆಡಿದವಳು. ಕಾಲೇಜಿನಲ್ಲಿ ಬಿಟ್ಟಳು. ಆಟ ಬೇಡವಾಗಿ ಅಲ್ಲ, ಮೂರು ದಿನ ಹೊರಗೆ ಉಳಿಯಲು ಮನೆಯವರು ಒಪ್ಪಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಪಂದ್ಯವಾದರೆ ‘ಅವ್ವ ಇಲ್ಲ ಅನ್ನಂಗಿಲ್ಲ’ ಎಂದು ಅವಳೇ ಹೇಳಿದಳು. ಕಳೆದ ನವೆಂಬರ್‌ನಲ್ಲಿ ಢಾಕಾದಲ್ಲಿ ಭಾರತದ ಮಹಿಳೆಯರು ಕಬಡ್ಡಿ ವಿಶ್ವಕಪ್ ಗೆದ್ದರು, ಆ ತಂಡದಲ್ಲಿ ನಮ್ಮ ಕರ್ನಾಟಕದ ಧನಲಕ್ಷ್ಮಿ ಪೂಜಾರಿ ಇದ್ದರು. ಅಮೆರಿಕದಲ್ಲಿ 1972ರಲ್ಲೇ ‘ಟೈಟಲ್ ನೈನ್’ ಎಂಬ ಕಾನೂನು ಬಂತು, ಸರ್ಕಾರದ ಹಣ ಪಡೆಯುವ ಯಾವ ಕಾಲೇಜೂ ಲಿಂಗದ ಆಧಾರದ ಮೇಲೆ ಭೇದ ಮಾಡುವಂತಿಲ್ಲ, ಕ್ರೀಡೆಯಲ್ಲೂ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಿಲ್ಲ, ಸಂಜೆ ಐದರ ಬಸ್ ಸಾಕು.

ಅಂದಹಾಗೆ, ಅಮೆರಿಕನ್ ಫುಟ್ಬಾಲ್‌ನದೇ ತಮ್ಮ, ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ‘ಫ್ಲ್ಯಾಗ್ ಫುಟ್ಬಾಲ್’ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದೆ. ಆ ತೀರ್ಮಾನ ಆದದ್ದು 2023ರ ಅಕ್ಟೋಬರ್‌ನಲ್ಲಿ, ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ. ಟಿ20 ಕ್ರಿಕೆಟ್ಟೂ ಅದೇ ಸಭೆಯಲ್ಲಿ ಸೇರಿದ್ದರಿಂದ ನಮ್ಮ ಪೇಪರುಗಳಲ್ಲಿ ಇದು ಮೂಲೆಗೆ ಹೋಯಿತು. ಕಬಡ್ಡಿ ಮಾತ್ರ ಇನ್ನೂ ಬಾಗಿಲ ಹೊರಗೇ ಇದೆ.

ಡಿಸೆಂಬರ್‌ನಲ್ಲಿ ನಾನು ಮತ್ತು ಆ ಎಡ ಕಾರ್ನರ್ ಗೆಳೆಯ ಕೂಡಿ ಒಂದು ಎಕ್ಸೆಲ್ ಶೀಟ್ ಮಾಡಿ ಐದು ಕಾಲೇಜುಗಳ ಕ್ಯಾಪ್ಟನ್‌ಗಳಿಗೆ ಕಳಿಸಿದೆವು. ಮೂವರು ತಕ್ಷಣ ಒಪ್ಪಿದರು. ಒಬ್ಬ ‘ನಮ್ಮ ಪಿ.ಇ. ಸರ್‌ನ ಕೇಳಿ ಹೇಳ್ತೀನಿ’ ಅಂದವನು ಇನ್ನೂ ಕೇಳುತ್ತಲೇ ಇದ್ದಾನೆ. ಇನ್ನೊಂದು ಕಾಲೇಜಿನವರದು ಎರಡು ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಅಲ್ಲಿಗೆ ನಾವು ನಾಲ್ಕು ತಂಡ. ನಾಲ್ಕು ತಂಡ ಅಂದರೆ ಆರು ಪಂದ್ಯ, ತಲಾ ಮೂರು, ಮೂರು ಶನಿವಾರ. ನಮ್ಮ ಪಿ.ಇ. ಸರ್ ಮೊದಲು ನಕ್ಕರು, ಆಮೇಲೆ ಸೀಟಿ, ಸ್ಟಾಪ್‌ವಾಚ್ ಕೊಡುತ್ತೇನೆ ಎಂದರು, ರೆಫರಿಯಾಗಿ ತಾವೇ ನಿಲ್ಲುತ್ತಾರಂತೆ. ಬಸ್ ಚಾರ್ಜು ನಮ್ಮದೇ. ಮೊದಲ ಪಂದ್ಯ ನಮ್ಮ ಹಾಸ್ಟೆಲ್ ಹಿಂದಿನ ಬಯಲಲ್ಲಿ. 13 ಮೀಟರ್ ಉದ್ದ, 10 ಮೀಟರ್ ಅಗಲ ಅಳೆದು ಸುಣ್ಣ ಹಾಕಬೇಕು, ಹಿಂದಿನ ರಾತ್ರಿ ನೀರು ಬಿಡಬೇಕು, ಇಲ್ಲವಾದರೆ ಈ ಎರೆಮಣ್ಣು ಬಿರಿದು ಕಾಲು ಸಿಕ್ಕಿಕೊಳ್ಳುತ್ತದೆ. ಅಣ್ಣನಿಗೆ ವೇಳಾಪಟ್ಟಿ ಕಳಿಸಿದೆ. ಎರಡನೇ ಮ್ಯಾಚಿನ ತಾರೀಖಿನ ಮೇಲೆ ಗೆರೆ ಎಳೆದು ಅದರ ಫೋಟೊ ವಾಪಸ್ ಕಳಿಸಿದ್ದಾನೆ.